ಮಾವನ ಅಂಗಾಲಿನ ಮಚ್ಚೆ

ನಂಬಿದರೆ ನಂಬಿ, ಇಲ್ಲದಿದ್ದರೆ ಬಂದು ನನ್ನ ತೋಳು ಮುಟ್ಟಿ ನೋಡಿ. ನಮ್ಮ ಸೀಮೆಯ ಹಿರಿಯ ಕುರಿಗಾರನನ್ನು ಕುರಿ ಕೆಡವಿದ ಹಾಗೆ ಕೆಡವಿದವನು ನಾನೇ! ಅವನು ನನ್ನ ಸೋದರಮಾವ ಮಾಳಿಂಗಪ್ಪ.

ಮಾವನದೊಂದು ಕಟ್ಟುನಿಟ್ಟು. ಸಂಜೆ ಹಟ್ಟಿಗೆ ಬಂದ ಕುರಿ ಕುಂಟಿದರೆ ಅದನ್ನು ಕೆಡವಿ, ಗೊರಸು ನೋಡಿ, ಮದ್ದು ಹಾಕದೆ ಊಟಕ್ಕೆ ಕೂರುತ್ತಿರಲಿಲ್ಲ. ಆದರೆ ತನ್ನದೇ ಅಂಗಾಲಲ್ಲಿ ಕರಿ ಮಚ್ಚೆ ಎದ್ದಾಗ? ಅಂಗಾಲಲ್ಲಿ ಮಚ್ಚೆಯಿದ್ದವನಿಗೆ ಹೋದಲ್ಲೆಲ್ಲ ಹುಲ್ಲು ಸಿಗುತ್ತದೆ ಎಂದು ನಮ್ಮ ಹಟ್ಟಿಯಲ್ಲಿ ನಂಬಿಕೆ. ಮಚ್ಚೆ ಅಗಲವಾದಷ್ಟೂ ಮಾವ ಬೀಗಿದ. ಅದರ ಅಂಚು ಹರಿದಂತಾಯಿತು, ಬಣ್ಣ ಒಂದೊಂದು ಕಡೆ ಒಂದೊಂದಾಯಿತು. ಕೊನೆಗೆ ರಕ್ತ ಒಸರಿತು. ಮಾವ ಕುಂಟಿದ.

"ದವಾಖಾನಿಗೆ ನಡಿ, ಮಾವ."

"ಹುಚ್ಚಪ್ಪ! ಕಾಲಾಗಿನ ಅದೃಷ್ಟ ಕೊಯ್ಸಿಕೊಂಡು ಬರ್ಲೇನು?"

ನಾನು ಸುಮ್ಮನಿರುವ ಪೈಕಿಯೇ? ಅಂದು ಸಂಜೆ ಮಾವನ ಕಾಲು ಹಿಡಿದು ಕೆಡವಿ, ಎದೆಯ ಮೇಲೆ ಕೂತೆ. "ಅತ್ತೀ, ಈ ಕುರಿ ಕುಂಟಾಕತ್ತೈತಿ!"

ರೊಟ್ಟಿ ಹಿಡಿದು ಬಂದ ಹಾಲವ್ವತ್ತೆ ನಿಂತು ನೋಡಿದಳು. "ಹಂಗಾದ್ರ ಅದಕ್ಕ ಮದ್ದಾಗೋತನಕ ನಮ್ಮ ಯಜಮಾನ್ರು ಉಣ್ಣಂಗಿಲ್ಲ ನೋಡಪಾ." ರೊಟ್ಟಿ ತಿರುಗಿ ಒಳಗೆ ಹೋಯಿತು.

"ಬಿಡೋ ಕತ್ತೆ, ಬರ್ತೀನಿ!" ಎಂದ ಮಾವ ಕೆಳಗಿಂದ.

ದವಾಖಾನೆಯ ಡಾಕ್ಟರಮ್ಮ ಮಚ್ಚೆ ತೆಗೆದು ಪರೀಕ್ಷೆಗೆ ಕಳಿಸಿದರು. "ಇದು ಮೆಲನೋಮ. ಚರ್ಮದ ಕ್ಯಾನ್ಸರ್. ಇನ್ನೂ ಭಾಳ ಆಳಕ್ಕ ಇಳಿದಿಲ್ಲ. ಸುತ್ತಲಿನ ಚರ್ಮಾನೂ ತೆಗೀಬೇಕು" ಎಂದರು. ತೆಗೆದು, ತೊಡೆಯ ಚರ್ಮ ತಂದು ಅಂಗಾಲಿಗೆ ಹಚ್ಚಿದರು. ಇಂಥ ರೋಗ ಮೊದಲು ಹಬ್ಬುವ ತೊಡೆಸಂದಿಯ ಗ್ರಂಥಿಯನ್ನೂ ಪರೀಕ್ಷಿಸಿದರು; ರೋಗ ಅಲ್ಲಿಗೆ ಹಬ್ಬಿರಲಿಲ್ಲ. ಆಗಾಗ ಬಂದು ತೋರಿಸಲೇಬೇಕು ಎಂದು ತಾಕೀತು ಮಾಡಿದರು.

ಮಾವನಿಗೆ ಒಂದೇ ಚಿಂತೆ; ಡಾಕ್ಟರಮ್ಮನನ್ನೇ ಕೇಳಿದ. "ಇನ್ನ ಹುಲ್ಲು ಸಿಗತೈತೇನ್ರಿ, ಅವ್ವಾರ?"

"ನಡಿಯೋ ಕಾಲು ಉಳದೈತಲ್ರಿ ಯಜಮಾನ್ರ, ಹುಡುಕ್ರಿ!"

ಗಾಯ ಮಾಯುವವರೆಗೆ ಕುರಿ ಕಾದವನು ನಾನು. ಒಂದು ಮರಿಯನ್ನೂ ತೋಳಕ್ಕೆ ಬಿಡಲಿಲ್ಲ. ಮಾವ ಮತ್ತೆ ಕುರಿಯ ಹಿಂದೆ ನಡೆದ ದಿನ, ಬಹುಮಾನವಾಗಿ ಅವನ ಕಾಳಗದ ಟಗರು ನನಗೇ ಸಿಗುತ್ತದೆ ಎಂದು ಮೀಸೆ ತಿರುವುತ್ತ ನಿಂತೆ. ಮಾವ ನನ್ನ ಬೆನ್ನು ಸವರಿ, ಎಲೆಯಡಿಕೆಯ ಚಂಚಿಗೆ ಕೈ ಹಾಕಿದ.

"ಮೀಸಿ ನೋಡ್ಕೊಳ್ಳಾಕಲ್ಲೋ ಅಳಿಯಾ, ಅಂಗಾಲು ನೋಡ್ಕೊಳ್ಳಾಕ."

ನನಗೆ ಸಿಕ್ಕಿದ್ದು ಅಂಗೈಯಗಲದ ಒಂದು ಕನ್ನಡಿ.

ನೀತಿ: ಸಾಕಿದ ಕುರಿಗೆ ತೋರುವ ಕಾಳಜಿಯನ್ನು ಸ್ವಂತ ಮೈಗೂ ತೋರಬೇಕು. ಮಚ್ಚೆ ಬೆಳೆದರೆ, ಬಣ್ಣ ಬದಲಿಸಿದರೆ ಅದೃಷ್ಟವೆಂದು ಬೀಗದೆ ಕೂಡಲೇ ವೈದ್ಯರಿಗೆ ತೋರಿಸಬೇಕು.