ಗೀಜಗ ಅರ್ಧ ಕಟ್ಟಿ ಬಿಟ್ಟ ಗೂಡುಗಳು

ಲೋಕ ಆಗಿನ್ನೂ ಹಸಿಯಾಗಿತ್ತು. ಬೆಟ್ಟದ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ಯಾವ ಕಡೆ ಹರಿಯಬೇಕು ಅಂತ ಹಳ್ಳಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಹೀಗೆ ಹೋಗುತ್ತಿತ್ತು, ಬೇಸರ ಬಂದರೆ ಮಾರನೇ ದಿನ ಹಾಗೆ ಹೋಗುತ್ತಿತ್ತು. ಗಾಳಿಯಂತೂ ಯಾರು ಕರೆದರೂ ನಿಂತು ನಾಲ್ಕು ಮಾತಾಡಿಯೇ ಮುಂದಕ್ಕೆ ಹೋಗುತ್ತಿದ್ದ.

ಆ ಹಳ್ಳದ ದಂಡೆಯಲ್ಲಿ, ನೀರಿನ ಮೇಲಕ್ಕೆ ಬಾಗಿಕೊಂಡ ಈಚಲು ಮರದಲ್ಲಿ, ಗರಿಯಪ್ಪ ಅನ್ನುವ ಗೀಜಗನಿದ್ದ.

ಗರಿಯಪ್ಪನಿಗೆ ಕೆಲಸ ಕಲಿಸಿದವರು ಯಾರೂ ಇಲ್ಲ. ಅವನಿಗಿಂತ ಮುಂಚೆ ಲೋಕದಲ್ಲಿ ಗೂಡು ನೇಯ್ದವರೇ ಇರಲಿಲ್ಲ, ಇನ್ನು ಕಲಿಸುವವರು ಎಲ್ಲಿಂದ ಬರಬೇಕು? ಹಸಿ ಹುಲ್ಲಿನ ಅಂಚು ಅವನ ನಾಲಿಗೆ ಕೊಯ್ಯಿತು. ಕಟ್ಟಿದ್ದು ಬಿತ್ತು. ಮತ್ತೆ ಕಟ್ಟಿದ, ಮತ್ತೆ ಬಿತ್ತು. ಬಿದ್ದದ್ದನ್ನೆಲ್ಲ ಹಳ್ಳ ಹೊತ್ತುಕೊಂಡು ಹೋಯಿತು. ಕೊನೆಗೊಂದು ನಿಂತಿತು. ಅಷ್ಟು ಹೊತ್ತಿಗೆ ಅವನ ನೆತ್ತಿಯ ಹಳದಿ ಮಾಸಿತ್ತು.

ಅದಕ್ಕೇ ಮಗ ಹುಟ್ಟಿದ ದಿನ ಗರಿಯಪ್ಪ ಒಂದು ಮಾತು ಗಟ್ಟಿ ಮಾಡಿಕೊಂಡ. ‘ನಾನು ಪಟ್ಟ ಪಾಡು ನನ್ನ ಮಗ ಪಡಬಾರದು.’

ಮಗನ ಹೆಸರು ಜೊಂಡ. ನೋಡೋಕೆ ಚೆಂದದ ಹುಡುಗ. ನೆತ್ತಿ ಅಂದರೆ ಅರಿಸಿನ ಬಳಿದ ಹಾಗೆ. ವಯಸ್ಸಿಗೆ ಬಂದ ಮೇಲೆ ಅವನೂ ಗೂಡು ಕಟ್ಟೋಕೆ ಕೂತ. ಕೆಳಗೆ ಬಿದ್ದಿದ್ದ ಒಣ ಹುಲ್ಲು ಎತ್ತಿಕೊಂಡು ಬಂದ.

“ಮಗಾ, ಹಸಿ ಹುಲ್ಲು ಸೀಳಿ ತಂದರೆ ಗಟ್ಟಿ ಇರುತ್ತೆ” ಅಂದ ಗರಿಯಪ್ಪ.

“ನಾಲಿಗೆ ಕೊಯ್ಯುತ್ತಪ್ಪಾ.”

“ಹೌದಾ? ಹಾಗಾದರೆ ಬೇಡ ಬಿಡು.”

ಜೊಂಡ ಹುಲ್ಲನ್ನು ಈಚಲು ಗರಿಗೆ ಒಂದು ಸುತ್ತು ಸುತ್ತಿದ, ತುದಿಯನ್ನು ಹಾಗೇ ಇಳಿಬಿಟ್ಟ, ಕಾಳು ತಿನ್ನೋಕೆ ಹೋದ. ಬಂದು ಇನ್ನೊಂದು ಸುತ್ತು ಸುತ್ತಿದ. ಒಂದು ದಿನ ಅದಕ್ಕೆ ಗೂಡಿನ ಆಕಾರ ಬಂತು.

“ಹೇಗಿದೆ ಅಪ್ಪಾ?”

ಗರಿಯಪ್ಪನಿಗೆ ತಪ್ಪು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಒಂದು ಗಂಟೂ ಗಂಟಾಗಿರಲಿಲ್ಲ. ಆದರೆ ಮಗನ ಮುಖದಲ್ಲಿ ಅಷ್ಟೊಂದು ಬೆಳಕಿತ್ತು.

“ಚೆನ್ನಾಗಿದೆ ಮಗಾ.”

ಆಮೇಲೆ ಗರಿಯಪ್ಪ ಹಳ್ಳದ ತಿರುವಿನಲ್ಲಿ ಕಾದು ಕೂತ. ಮೂಡಗಾಳಿ ಬಂದ. ಇವನು ಒಂದು ಕಡೆ ನಿಲ್ಲದವನು, ಊರೆಲ್ಲ ಸುತ್ತುವವನು, ಹಗುರ ಮನಸ್ಸಿನವನು.

“ಏನು ಗರಿಯಪ್ಪಣ್ಣ, ದಾರಿ ಕಾಯ್ತಾ ಇದ್ದೀಯ?”

“ಒಂದು ಉಪಕಾರ ಆಗಬೇಕಿತ್ತು ಮಾರಾಯ. ನನ್ನ ಮಗನ ಗೂಡಿನ ಹತ್ತಿರ ಹೋಗುವಾಗ ಸ್ವಲ್ಪ ಬಳಸಿಕೊಂಡು ಹೋಗು.”

“ಅಷ್ಟೇನಾ? ಬಳಸಿ ಹೋಗೋದೇ ನನ್ನ ಕಸುಬು” ಅಂದ ಮೂಡಗಾಳಿ. ಆವತ್ತಿಂದ ಆ ಈಚಲು ಮರ ಸಿಕ್ಕಿದಾಗೆಲ್ಲ ಉಸಿರು ಬಿಗಿ ಹಿಡಿದು ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಸುತ್ತಲಿನ ಮರಗಳೆಲ್ಲ ಅಲ್ಲಾಡಿದರೂ ಜೊಂಡನ ಗೂಡು ಅಲ್ಲಾಡುತ್ತಿರಲಿಲ್ಲ.

“ನೋಡಿದ್ಯಾ ಅಪ್ಪಾ, ನನ್ನ ಕಟ್ಟಡ ಜಪ್ಪಯ್ಯ ಅಂದರೂ ಅಲ್ಲಾಡಲ್ಲ” ಅನ್ನುತ್ತಿದ್ದ ಜೊಂಡ.

“ಚೆನ್ನಾಗಿದೆ ಮಗಾ” ಅನ್ನುತ್ತಿದ್ದ ಗರಿಯಪ್ಪ.

ಆಚೆ ದಂಡೆಯಿಂದ ನವಣೆ ಅನ್ನುವ ಹೆಣ್ಣು ಗೀಜಗ ಜೊಂಡನನ್ನು ಮೆಚ್ಚಿ ಬಂದಳು. ಮಾತು ಕಮ್ಮಿ, ಕೆಲಸ ಜಾಸ್ತಿ. ಗರಿಯಪ್ಪನ ಮಗ ಅಂದ ಮೇಲೆ ಗೂಡಿನ ವಿಷಯದಲ್ಲಿ ಕೇಳೋದೇನಿದೆ ಅಂತ ಅವಳೂ ಸುಮ್ಮನಿದ್ದಳು. ಮೊಟ್ಟೆ ಇಡುವ ಹೊತ್ತು ಹತ್ತಿರ ಬಂತು. ಕೊಕ್ಕಿನಲ್ಲಿ ಮೆತ್ತನೆಯ ಹತ್ತಿ ತಂದು ಒಳಗೆ ಹಾಸತೊಡಗಿದಳು.

ಆಗಲೇ ಮೂಡಗಾಳಿ ಒಂದು ಸಂಜೆ ಗರಿಯಪ್ಪನ ಹತ್ತಿರ ಬಂದು ನಿಂತ.

“ನಾನು ಹೊರಟೆ ಅಣ್ಣಾ. ಇನ್ನು ನಮ್ಮ ದೊಡ್ಡಣ್ಣನ ಸರದಿ.”

“ಯಾರು, ಪಡುಗಾಳಿಯಾ?”

“ಹೂಂ. ಬೆಟ್ಟದಾಚೆ ಮೋಡ ಕೂಡಿಸ್ತಾ ಇದ್ದಾನೆ. ಸ್ವಲ್ಪ ದಿನದಲ್ಲೇ ಮಳೆ ಕರಕೊಂಡು ಬರ್ತಾನೆ.”

“ಅವನಿಗೂ ಒಂದು ಮಾತು ಹೇಳಿಬಿಡಪ್ಪ. ಈ ಮರ ಬಳಸಿಕೊಂಡು...”

ಮೂಡಗಾಳಿ ನಕ್ಕ. “ನಮ್ಮಣ್ಣನಿಗಾ? ಅವನು ಬರೋದು ಒಬ್ಬನೇ ಅಲ್ಲ ಮಾರಾಯ, ಬೆನ್ನ ಮೇಲೆ ಮಳೆ ಹೊತ್ತು ಬರ್ತಾನೆ. ಇದು ಯಾರ ಮಗನ ಗೂಡು ಅಂತ ನೋಡೋಕೆ ಅವನಿಗೆಲ್ಲಿ ಪುರಸೊತ್ತು?”

ಅಷ್ಟು ಹೇಳಿ ಅವನು ಹೋಗೇಬಿಟ್ಟ.

ಗರಿಯಪ್ಪನಿಗೆ ಕಾಳು ರುಚಿಸಲಿಲ್ಲ. ಹೇಳಿದರೆ ಮಗನ ಮುಖ ಬಾಡುತ್ತದೆ. ಹೇಳದಿದ್ದರೆ ಮೊಟ್ಟೆ ನೀರುಪಾಲಾಗುತ್ತದೆ. ಬೆಳಗಾಗುತ್ತಲೇ ಸೊಸೆಯ ಹತ್ತಿರ ಹೋಗಿ ಕೂತ.

“ನವಣೆ, ಮೊಟ್ಟೆ ಇಡೋಕೆ ಮುಂಚೆ ಆ ಗೂಡನ್ನ ಒಂದು ಸಲ ಹಿಡಿದು ಎಳಿ ತಾಯಿ.”

“ಯಾಕೆ ಮಾವ?”

“ಎಳಿ.”

ನವಣೆ ಎಳೆದಳು. ಜೋರಾಗಿ ಏನಲ್ಲ. ಹಣ್ಣೆಲೆ ಕಳಚಿದ ಹಾಗೆ ಗೂಡು ಕಳಚಿ ನೀರಿಗೆ ಬಿತ್ತು, ಹತ್ತಿ ಹಾಸಿಗೆಯ ಸಮೇತ.

“ಇದು ಯಾರದ್ರಪ್ಪಾ?” ಅಂತ ಹಳ್ಳ ಕೇಳಿತು. ಹಳ್ಳ ಅದನ್ನು ಎತ್ತಿಕೊಂಡು ಮುಂದೆ ಹೋಯಿತು.

ಪಕ್ಕದಲ್ಲೇ ಇದ್ದ ಜೊಂಡ ಅಪ್ಪನ ಕಡೆ ತಿರುಗಿದ. “ಚೆನ್ನಾಗಿದೆ ಅಂದಿದ್ದು ನೀನೇ ಅಲ್ವಾ?”

“ನಾನೇ. ನಿನ್ನ ಮುಖ ಸಪ್ಪಗಾಗೋದು ನೋಡೋಕಾಗಲಿಲ್ಲ ಮಗಾ. ಗಾಳಿಗೂ ಹೇಳಿಟ್ಟಿದ್ದೆ, ಈ ಕಡೆ ಬೀಸಬೇಡ ಅಂತ.”

ಜೊಂಡ ಮೆಲ್ಲಗೆ ಅಂದ: “ಗಾಳಿಗೆ ಹೇಳೋ ಬದಲು ನನಗೆ ಹೇಳಬಹುದಿತ್ತು.”

ಈ ಮಾತು ಗರಿಯಪ್ಪನಿಗೆ ಹಸಿ ಹುಲ್ಲಿಗಿಂತ ಹರಿತವಾಗಿ ತಾಗಿತು. ದಡಬಡನೆ ಹೋಗಿ ಹಸಿ ಹುಲ್ಲು ಸೀಳಿ ತಂದ. “ತಡಿ, ನಾನೇ ಕಟ್ಟಿಕೊಡ್ತೀನಿ.”

ನವಣೆ ಅಡ್ಡ ಬಂದು ಕೂತಳು. “ನೀವು ಕಟ್ಟಿದರೆ ನಿಲ್ಲುತ್ತೆ ಮಾವ. ಮುಂದಿನ ಮಳೆಗೆ? ಅದರ ಮುಂದಿನ ಮಳೆಗೆ?”

ಗರಿಯಪ್ಪ ಬಾಯಿಂದ ಹುಲ್ಲು ಬಿಟ್ಟ.

“ಹಸಿ ಹುಲ್ಲೇ ಆಗಬೇಕು. ಸುತ್ತಿದ ಮೇಲೆ ತುದಿ ಹಿಂದಕ್ಕೆ ತಂದು ಒಳಗೆ ನುಸುಳಿಸಬೇಕು. ಆಮೇಲೆ ಎಳೀಬೇಕು” ಅಂತ ಮಗನಿಗೆ ಹೇಳಿದ. ಹೇಳಿ ಪಕ್ಕದ ಗರಿಯ ಮೇಲೆ ಹೋಗಿ ಕೂತ. ಮಾತಾಡೋಕೆ ಬಾಯಿ ತುರಿಸಬಾರದು, ಕಟ್ಟೋಕೆ ಕೊಕ್ಕು ತುರಿಸಬಾರದು ಅಂತ ಒಂದು ಕಡ್ಡಿಯನ್ನು ಕಚ್ಚಿ ಹಿಡಿದ.

ಜೊಂಡ ಹುಲ್ಲು ಸೀಳಿದ. “ಅಪ್ಪಾ, ರಕ್ತ.”

ಗರಿಯಪ್ಪ ಕಡ್ಡಿ ತೆಗೆದ. “ಬರುತ್ತೆ” ಅಂದ. ಮತ್ತೆ ಕಡ್ಡಿ ಕಚ್ಚಿದ. ಅವನ ಕಣ್ಣು ಮಾತ್ರ ಬೇರೆ ಕಡೆ ತಿರುಗಿತು.

ಜೊಂಡ ಅರ್ಧ ಕಟ್ಟಿದ. ನವಣೆ ಬಂದು ಜೋತುಬಿದ್ದು ಎಳೆದಳು. ಒಂದು ಎಳೆ ಸಡಿಲವಾಯಿತು.

“ಇದು ಬೇಡ.”

“ಬಿದ್ದಿಲ್ವಲ್ಲ?”

“ಬಿದ್ದಿಲ್ಲ. ಬೀಳುತ್ತೆ.”

ಅದನ್ನು ಹಾಗೇ ನೇತಾಡೋಕೆ ಬಿಟ್ಟು ಜೊಂಡ ಪಕ್ಕದ ಗರಿಗೆ ಹೋದ. ಮತ್ತೆ ಅರ್ಧ ಕಟ್ಟಿದ. ನವಣೆ ಬಂದಳು, ಎಳೆದಳು. “ಇದೂ ಬೇಡ.”

ಜೊಂಡನಿಗೆ ರೇಗಿತು. “ನೀನಾದರೂ ಅವಳಿಗೆ ಹೇಳಪ್ಪಾ.”

ಗರಿಯಪ್ಪ ಕಡ್ಡಿ ತೆಗೆದ. “ಒಳಗೆ ಕೂರೋಳು ಅವಳು ಕಣಪ್ಪಾ. ಅವಳು ಬೇಡ ಅಂದರೆ ಬೇಡ.”

ಬೆಟ್ಟದ ಆಚೆ ಗುಡುಗು ಹೊರಳಿತು. ಜೊಂಡ ಈಗ ಯಾರನ್ನೂ ಏನೂ ಕೇಳಲಿಲ್ಲ. ಮತ್ತೊಂದು ಗರಿಗೆ ಹೋಗಿ ಸುತ್ತಿದ, ನುಸುಳಿಸಿದ. ನವಣೆ ಬರುವ ಮುಂಚೆ ತಾನೇ ಜೋತುಬಿದ್ದು ಎಳೆದ. ಸಡಿಲ ಅನ್ನಿಸಿದ್ದನ್ನು ತಾನೇ ಬಿಚ್ಚಿದ. ಅದನ್ನು ನೋಡಿದ ಗರಿಯಪ್ಪನ ಕೊಕ್ಕಿಂದ ಕಡ್ಡಿ ತಾನಾಗಿ ಜಾರಿ ಬಿತ್ತು. ಮಗನನ್ನು ಹೊಗಳಬೇಕು ಅನ್ನಿಸಿತು. ಹೊಗಳಲಿಲ್ಲ.

ನವಣೆ ಬಂದು ಎಳೆದಳು. ಇನ್ನೊಂದು ಸಲ ಎಳೆದಳು. ಏನೂ ಹೇಳದೆ ಒಳಗೆ ಹೋಗಿ ಕೂತಳು.

ಪಡುಗಾಳಿ ಬಂದೇಬಿಟ್ಟ. ಕರೆದರೆ ನಿಲ್ಲುವವನಲ್ಲ, ಕೇಳಿದರೆ ಕೊಡುವವನಲ್ಲ. ಈಚಲು ಮರ ನೀರು ಮುಟ್ಟುವಷ್ಟು ಬಾಗಿತು. ಗೂಡು ಈ ಕಡೆ ಹೋಯಿತು, ಆ ಕಡೆ ಹೋಯಿತು. ಜೊಂಡ ಗೂಡಿನ ಬೆನ್ನಿಗೆ ಅಂಟಿಕೊಂಡ. ಗರಿಯಪ್ಪ ಕಾಂಡ ಕಚ್ಚಿಕೊಂಡು ಕೂತ. ಅವನ ಕೈಲಿ ಈಗ ಮಾಡೋಕಾಗುವುದು ಏನೂ ಇರಲಿಲ್ಲ, ನೋಡುವುದೊಂದನ್ನು ಬಿಟ್ಟು.

ಮಳೆ ನಿಂತಿತು. ಗೂಡು ತೊಟ್ಟಿಕ್ಕುತ್ತಾ ನೇತಾಡುತ್ತಿತ್ತು.

ನವಣೆ ತಲೆ ಹೊರಗೆ ಹಾಕಿದಳು. “ಬಾಗಿಲು ಇನ್ನೊಂದು ಚೂರು ಕೆಳಕ್ಕಿಳಿದರೆ ಎರಚಲು ಬಡಿಯಲ್ಲ” ಅಂದಳು.

ಜೊಂಡ ಮೈ ಕೊಡವಿಕೊಂಡು ಹಸಿ ಹುಲ್ಲಿಗೆ ಹಾರಿದ.

ಅದಕ್ಕೇ ಮಕ್ಕಳೇ, ಇವತ್ತಿಗೂ ಮಳೆಗಾಲದಲ್ಲಿ ಹಳ್ಳದ ಮೇಲೆ ಬಾಗಿದ ಮರಗಳಲ್ಲಿ ಅರ್ಧ ಕಟ್ಟಿ ಬಿಟ್ಟ ಗೂಡುಗಳು ನೇತಾಡುವುದು ಕಾಣುತ್ತದೆ. ಯಾವ ಗೀಜಗನೂ ಸೋಮಾರಿತನಕ್ಕೆ ಅವನ್ನು ಬಿಟ್ಟು ಹೋಗಿರುವುದಿಲ್ಲ, ಒಬ್ಬಳು ಬಂದು ಎಳೆದು ‘ಇದು ಬೇಡ’ ಅಂದಿರುತ್ತಾಳೆ, ಅವನು ಪಕ್ಕದ ಗರಿಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿರುತ್ತಾನೆ.