ಕತ್ತರಿ ಬಿಟ್ಟ ಒಂದು ಬೆರಳು ಬಟ್ಟೆ

ಟೈಲರ್ ಅಂಗಡಿಯೊಂದರ ಕತ್ತರಿಗೆ ತನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆ. ಸೀಮೆಸುಣ್ಣದ ಗೆರೆಯ ಮೇಲೇ ನಡೆಯುತ್ತಿತ್ತು, ಒಂದೆಳೆ ಬಟ್ಟೆಯನ್ನೂ ಹೆಚ್ಚು ಬಿಡುತ್ತಿರಲಿಲ್ಲ. ಅದು ಕತ್ತರಿಸಿದ್ದನ್ನೆಲ್ಲ ಹೊಲಿಯುತ್ತಿದ್ದವಳು ಹಳೆಯ ಹೊಲಿಗೆ ಮಿಷನ್. ಅಂಗಡಿಯ ಸಾಮಾನುಗಳೆಲ್ಲ ಅವಳನ್ನು ಅಜ್ಜಿ ಎನ್ನುತ್ತಿದ್ದವು.

ಈಚೆಗೆ ಅಜ್ಜಿ ಗೆರೆ ತಪ್ಪತೊಡಗಿದಳು. ಒಂದು ದಿನ ತೋಳನ್ನು ತಂದು ಕೊರಳಿಗೆ ಹೊಲಿದಳು.

"ನಲವತ್ತು ವರ್ಷ ಹೊಲಿದವರಿಗೆ ತೋಳು ಎಲ್ಲಿ ಬರುತ್ತದೆಂದು ಗೊತ್ತಿಲ್ಲವೇ? ನೀವು ಬೇಕೆಂದೇ ಹೀಗೆ ಮಾಡುತ್ತೀರಿ" ಎಂದು ಕತ್ತರಿ ರೇಗಿತು.

ಅಜ್ಜಿ ಅದನ್ನೇ ದಿಟ್ಟಿಸಿ ಕೇಳಿದಳು: "ನೀನು ಯಾರ ಮಗನಪ್ಪ?"



ಎಣ್ಣೆ ಡಬ್ಬಿ ಕತ್ತರಿಯನ್ನು ಪಕ್ಕಕ್ಕೆ ಕರೆಯಿತು. "ನಾನು ಅವಳ ಒಳಗನ್ನು ನೋಡಿದ್ದೇನೆ. ಹೊಲಿಯುವಾಗ ಉದುರುವ ನೂಲಿನ ಚೂರು ಮೊದಲೆಲ್ಲ ತಾನಾಗಿ ಹೊರಗೆ ಬೀಳುತ್ತಿತ್ತು. ಈಗ ಚಕ್ರಗಳ ನಡುವೆಯೇ ಸೇರಿಕೊಂಡು, ಗಂಟುಗಂಟಾಗಿ ಕಲ್ಲಾಗಿದೆ. ನನ್ನ ಎಣ್ಣೆಗೂ ಕರಗುತ್ತಿಲ್ಲ. ಅವಳದು ಹಟವಲ್ಲ, ತಮ್ಮ. ನೆನಪು ಹಾದುಬರಲು ದಾರಿಯಿಲ್ಲ."

"ಹಾಗಾದರೆ ನಾನೇನು ಮಾಡಲಿ?"

"ಅದನ್ನು ನಾನು ಹೇಗೆ ಹೇಳಲಿ? ಕತ್ತರಿಸುವವನು ನೀನು."

ಮರುದಿನ ಕತ್ತರಿ ಮೊದಲ ಬಾರಿಗೆ ಗೆರೆ ಬಿಟ್ಟು ಆಚೆಗೆ ನಡೆಯಿತು. ಪ್ರತಿ ಅಂಚಿಗೂ ಒಂದು ಬೆರಳಷ್ಟು ಬಟ್ಟೆ ಹೆಚ್ಚು ಉಳಿಸಿತು.

ಅಜ್ಜಿಯ ಹೊಲಿಗೆ ಮತ್ತೆ ಸೊಟ್ಟಗೆ ಹೋಯಿತು. ಅವಳು ಹೆದರಿ ನಿಂತು, "ತಪ್ಪು ಮಾಡಿದೆನೇನಪ್ಪ?" ಎಂದಳು.

"ಬಿಚ್ಚಿ ಇನ್ನೊಂದು ಸಲ ಹೊಲಿದರಾಯಿತು" ಎಂದಿತು ಕತ್ತರಿ. "ಬಟ್ಟೆ ಬೇಕಾದಷ್ಟು ಬಿಟ್ಟಿದ್ದೇನೆ, ಅಜ್ಜಿ."