ನೇರಳೆ ಹಣ್ಣು ಬಿಟ್ಟ ಕಬ್ಬೆಕ್ಕು

ಒಂದು ಕಾಡಿನಲ್ಲಿ, ಹೊಳೆಯ ದಡದ ಬಂಡೆಯ ಮೇಲೆ, ಕಲ್ಲಿನ ಶಿಲುಬೆಯೊಂದಿತ್ತು. ಅದನ್ನು ಯಾರು ನೆಟ್ಟರೋ ಪ್ರಾಣಿಗಳಿಗೆ ಗೊತ್ತಿರಲಿಲ್ಲ. ಆದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಎಲ್ಲವೂ ಅದರ ಬುಡದಲ್ಲಿ ಸೇರುತ್ತಿದ್ದವು. ತನ್ನನ್ನು ಕಟ್ಟಿಹಾಕಿದ ಒಂದು ಅಭ್ಯಾಸವನ್ನು ಬಿಡುತ್ತೇನೆಂದು ಒಬ್ಬೊಬ್ಬರೂ ಎಲ್ಲರೆದುರು ಹೇಳಬೇಕು. ಹಬ್ಬದ ಬೆಳಗ್ಗೆ ಹೊಸಬರಾಗಿ ಅಲ್ಲಿಗೇ ಬರಬೇಕು. ಅದು ಆ ಕಾಡಿನ ಪದ್ಧತಿ.

ಆ ಕಾಡಿನಲ್ಲಿ ಪುನುಗು ಬೆಕ್ಕಿನ ಜಾತಿಯ, ಇನ್ನಾಸಪ್ಪ ಎಂಬ ಕಬ್ಬೆಕ್ಕು ಇದ್ದ. ಅವನಿಗೆ ಹೆಂಡದ ಚಟ. ಮನುಷ್ಯರು ಈಚಲ ಮರಕ್ಕೆ ಮಡಕೆ ಕಟ್ಟಿ ಹೋದರೆ, ಅದು ತುಂಬುವುದನ್ನೇ ಕಾದು ಇವನು ಮರ ಹತ್ತುತ್ತಿದ್ದ. ಒಂದು ಸಂಜೆ ಮರಿಗಳನ್ನು ನೋಡಿಕೊಳ್ಳಬೇಕಾದವನು ಕುಡಿದು ಮಲಗಿಬಿಟ್ಟ. ಹದ್ದೊಂದು ಎರಗಿ ಕಿರಿಯ ಮರಿಯ ಬೆನ್ನಿಗೆ ಉಗುರು ಹಾಕಿತು. ಹೆಂಡತಿ ಲೂರ್ದಮ್ಮ ಓಡಿ ಬರದಿದ್ದರೆ ಮರಿ ಉಳಿಯುತ್ತಿರಲಿಲ್ಲ.

ಮಾರನೆಯ ದಿನವೇ ಲೂರ್ದಮ್ಮ ಮರಿಗಳೊಂದಿಗೆ ಹೊಳೆಯಾಚೆಯ ತವರಿಗೆ ಹೊರಟಳು. "ಈ ತಪಸ್ಸುಕಾಲದಲ್ಲಿ ನೀವು ಬದಲಾದರೆ ಹಬ್ಬದ ಬೆಳಗ್ಗೆ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ನಮ್ಮನ್ನ ಮರೆತುಬಿಡಿ" ಎಂದಳು.

ಇನ್ನಾಸಪ್ಪನಿಗೆ ಮರಿಗಳೂ ಬೇಕು, ಮಡಕೆಯೂ ಬೇಕು. ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದ.

ತಪಸ್ಸುಕಾಲದ ಮೊದಲ ದಿನ ಕರಡಿ ಸೋಮಾರಿತನ ಬಿಟ್ಟಿತು. ಮುಳ್ಳುಹಂದಿ ಜ್ಞಾನಮ್ಮ ತನ್ನ ಸಿಟ್ಟು ಬಿಟ್ಟಳು. ಇನ್ನಾಸಪ್ಪ ಕಣ್ಣು ಒರೆಸಿಕೊಂಡು, "ನನಗೆ ನೇರಳೆ ಹಣ್ಣೆಂದರೆ ಪ್ರಾಣ. ಹಬ್ಬದವರೆಗೆ ಅದನ್ನ ಮುಟ್ಟಲ್ಲ" ಎಂದ. ಎಂಥ ದೊಡ್ಡ ತ್ಯಾಗ ಎಂದು ಮೊಲಗಳು ಕರಗಿಹೋದವು.

ಜ್ಞಾನಮ್ಮನಿಗೆ ಮಾತ್ರ ಕುತೂಹಲ ಹುಟ್ಟಿತು. ಅವಳ ಸ್ವಭಾವವೇ ಹಾಗೆ, ಕೇಳದೆ ಇದ್ದರೆ ಉಂಡದ್ದು ಅರಗುವುದಿಲ್ಲ.

"ಅಲ್ಲ ಇನ್ನಾಸಪ್ಪ, ನೇರಳೆ ಮರ ಇನ್ನೂ ಹೂವೇ ಬಿಟ್ಟಿಲ್ಲ. ಹಣ್ಣಾಗೋದು ಹಬ್ಬ ಕಳೆದ ಮೇಲೆ. ಇಲ್ಲದ ಹಣ್ಣನ್ನ ಹೇಗಪ್ಪ ಬಿಡ್ತೀಯ?"

"ಮನಸ್ಸಿನಲ್ಲಿ ಬಿಡೋದು ಅಕ್ಕ. ಅದು ಇನ್ನೂ ಕಷ್ಟ."

"ಓಹೋ. ಹಾಗಾದರೆ ಹೆಂಡ?"

"ಅದು ನನಗೆ ಔಷಧಿ. ಔಷಧಿ ಬಿಡು ಅಂತ ಯೇಸುಸ್ವಾಮಿ ಯಾವತ್ತಾದರೂ ಹೇಳಿದ್ದಾರಾ?"

ಜ್ಞಾನಮ್ಮನ ಮುಳ್ಳುಗಳು ನೆಟ್ಟಗಾದವು. ಸಿಟ್ಟು ಬಿಟ್ಟದ್ದು ನೆನಪಾಗಿ, ಪಾಪ, ಒಂದೊಂದಾಗಿ ಮತ್ತೆ ಮಲಗಿಸಿದಳು.

ದಿನಗಳು ಕಳೆದವು. ಜ್ಞಾನಮ್ಮ ಕಷ್ಟಪಟ್ಟು ಸಿಟ್ಟು ನುಂಗುವುದನ್ನು ಕಲಿತಳು. ಮೊದಲು ಅವಳನ್ನು ಕಂಡರೆ ಓಡುತ್ತಿದ್ದ ಮೊಲದ ಮರಿಗಳು ಈಗ ಅವಳ ಬಿಲದ ಬಾಗಿಲಲ್ಲೇ ಆಡತೊಡಗಿದವು. ಇದೇನು ಹೊಸ ಸುಖ ಎಂದು ಅವಳಿಗೇ ಆಶ್ಚರ್ಯ. ಇನ್ನಾಸಪ್ಪನೋ, ಸಂಜೆ ಮರ ಹತ್ತುತ್ತಿದ್ದ, ಬೆಳಗ್ಗೆ ಶಿಲುಬೆಗೆ ಅಡ್ಡಬೀಳುತ್ತಿದ್ದ. ಅವನ ತ್ಯಾಗದ ಸುದ್ದಿ ಹೊಳೆಯಾಚೆಗೂ ಹೋಯಿತು. ಪ್ರಾಣವಾದ ಹಣ್ಣನ್ನೇ ಬಿಟ್ಟವರು ಹೆಂಡ ಬಿಡದೆ ಇರುತ್ತಾರೆಯೇ ಎಂದು ಲೂರ್ದಮ್ಮ ನಂಬಿದಳು.

ಇತ್ತ ಮಡಕೆ ದಿನವೂ ಬರಿದಾಗುವುದನ್ನು ಕಂಡು, ಹೆಂಡ ಇಳಿಸುವವನು ಬಾಯಿ ಕಿರಿದಾದ ಮಡಕೆಗಳನ್ನು ಕಟ್ಟಿದ. ಹಬ್ಬದ ಬೆಳಗ್ಗೆ ಎಲ್ಲರೂ ಶಿಲುಬೆಯತ್ತ ಹೊರಟಾಗ, ಹೇಗೂ ಹೊಸಬನಾಗುವವನು, ಕೊನೆಯದೊಂದು ಗುಟುಕು ಕುಡಿದರೆ ತಪ್ಪೇನು ಎಂದುಕೊಂಡು ಇನ್ನಾಸಪ್ಪ ಮರ ಹತ್ತಿದ. ಮಡಕೆಗೆ ತಲೆ ತುರುಕಿದ. ತಲೆ ಒಳಗೆ ಹೋಯಿತು, ವಾಪಸು ಬರಲಿಲ್ಲ. ಒದ್ದಾಡಿ ಮಡಕೆಯ ಸಮೇತ ಕೆಳಗಿನ ಪೊದೆಗೆ ಬಿದ್ದ.

ಶಿಲುಬೆಯತ್ತ ಹೊರಟಿದ್ದ ಜ್ಞಾನಮ್ಮ ಸದ್ದು ಕೇಳಿ ಓಡಿ ಬಂದಳು. "ಇನ್ನಾಸಪ್ಪ, ಮಡಕೆಯನ್ನ ಬಂಡೆಗೆ ಕುಕ್ಕು. ಒಡೆದುಹೋಗುತ್ತೆ."

"ತಾಳು ಅಕ್ಕ," ಮಡಕೆಯೊಳಗಿಂದ ದನಿ ಬಂತು. "ತಳದಲ್ಲಿ ಇನ್ನೂ ಸ್ವಲ್ಪ ಇದೆ. ಚೆಲ್ಲಿಹೋಗುತ್ತೆ."

ಅದೇ ಹೊತ್ತಿಗೆ ಲೂರ್ದಮ್ಮ ಮರಿಗಳೊಂದಿಗೆ ಹೊಳೆ ದಾಟಿ ಬಂದಿದ್ದಳು. ಆ ಮಾತು ಅವಳ ಕಿವಿಗೆ ಬಿತ್ತು. "ಅಮ್ಮಾ, ಮಡಕೆ ಅಪ್ಪನ ಥರ ಮಾತಾಡ್ತಿದೆ" ಎಂದಿತು ಕಿರಿಯ ಮರಿ. ಲೂರ್ದಮ್ಮ ತಟ್ಟನೆ ತಿರುಗಿದಳು. ಮರಿಗಳನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹೊಳೆಗೆ ಇಳಿದಳು.

ಮರಿಯ ದನಿ ಕೇಳಿ ಇನ್ನಾಸಪ್ಪ ಧಡಕ್ಕನೆ ಎದ್ದ. ಅವರ ಹಿಂದೆ ಓಡಲು ಹೋಗಿ, ಕಣ್ಣು ಕಾಣದೆ ಎಡವಿ ಬಿದ್ದ. ಆಗ ಹಿರಿಯ ಕಾಡುಕೋಣ ರಾಯಪ್ಪಜ್ಜ ಹತ್ತಿರ ಬಂದು ಕೇಳಿದ, "ಯೇಸುಸ್ವಾಮಿ ಸಮಾಧಿಯಿಂದ ಹೊರಗೆ ಬಂದ ದಿನ ಇದು ಮಗ. ನೀನು ಆ ಕತ್ತಲೆಯೊಳಗೇ ಇರ್ತೀಯಾ?"

ಇನ್ನಾಸಪ್ಪ ಎದ್ದು ಮಡಕೆಯನ್ನು ಬಂಡೆಗೆ ಅಪ್ಪಳಿಸಿದ. ಒಡೆಯಲಿಲ್ಲ. ಮತ್ತೆ ಅಪ್ಪಳಿಸಿದ. ನೋವಿಗೆ ಕೂಗಿದ, ಆದರೆ ನಿಲ್ಲಿಸಲಿಲ್ಲ. ಕೊನೆಗೆ ಮಡಕೆ ಚೂರಾಯಿತು, ಹೆಂಡ ಮಣ್ಣಿಗೆ ಇಂಗಿತು. ಅವನ ಮುಖದ ತುಂಬ ಗಾಯವಾಗಿತ್ತು.

"ಲೂರ್ದು, ನಾನು ಆಡಿದ್ದು ನಾಟಕ," ಹೊಳೆಯ ದಡದಲ್ಲಿ ನಿಂತು ಅವನು ಅತ್ತ. "ಬಿಡಬೇಕಾದ್ದನ್ನ ಇವತ್ತು ಬಿಟ್ಟೆ."

"ಇವತ್ತಿನ ಒಂದು ಮಾತಿಗೆ ನಾನು ಬರಲ್ಲ," ನೀರಿನ ನಡುವಿನಿಂದಲೇ ಅವಳು ಹೇಳಿದಳು. "ಸಂಜೆ ಸಂಜೆ ಕುಡಿಯದೆ ಆ ದಡದಲ್ಲಿ ಬಂದು ನಿಲ್ಲಿ. ನಾನು ಈ ಕಡೆಯಿಂದ ನೋಡ್ತೀನಿ."

ಸಂಜೆಯಾದರೆ ಅವನ ಕಾಲು ಈಚಲ ಮರದ ಕಡೆಗೇ ಎಳೆಯುತ್ತಿತ್ತು. ಮೈ ನಡುಗುತ್ತಿತ್ತು. ಸ್ವಾಮಿ, ನನ್ನ ಕೈ ಬಿಡಬೇಡಪ್ಪ ಎಂದು ಬೇಡಿಕೊಳ್ಳುತ್ತ, ನಡುಗುತ್ತಲೇ ದಡಕ್ಕೆ ಬಂದು ನಿಲ್ಲುತ್ತಿದ್ದ. ಕೆಲವು ಸಂಜೆ ಜ್ಞಾನಮ್ಮ ಜೊತೆಗೆ ಕೂರುತ್ತಿದ್ದಳು. ಮಳೆ ಹಿಡಿದು ಹೊಳೆ ತುಂಬುವ ಮೊದಲು, ಒಂದು ಸಂಜೆ, ಕಿರಿಯ ಮರಿ ಯಾರನ್ನೂ ಕೇಳದೆ ನೀರಿಗಿಳಿದು ಅಪ್ಪನ ಕಡೆಗೆ ಹೊರಟಿತು. ಲೂರ್ದಮ್ಮ ಅದನ್ನು ತಡೆಯಲಿಲ್ಲ, ಹಿಂದೆಯೇ ತಾನೂ ಇಳಿದಳು.

ನೀತಿ: ಸುಲಭವಾಗಿ ಬಿಡಬಹುದಾದ್ದನ್ನು ಬಿಟ್ಟು ತೋರಿಸಿದರೆ ಯಾರೂ ಹೊಸಬರಾಗುವುದಿಲ್ಲ, ಬಿಡಲು ಮನಸ್ಸೇ ಬಾರದ ಹಾಯಾದ ಅಭ್ಯಾಸವನ್ನು ದೇವರ ಮುಂದೆ ಬಿಟ್ಟವರಿಗೇ ಹೊಸ ಬದುಕು ದೊರೆಯುತ್ತದೆ.